ತೊಂದರೆ ಕೊಡದ ಹುಡುಗಿ

ಅವಳಿಗೆ ರೇಡಿಯೊ ಎಂದು ಹೆಸರಿಟ್ಟವರು ಅವಳ ತಾತ. ಬೆಳಗ್ಗೆ ಕಣ್ಣುಬಿಟ್ಟಾಗ ಶುರುವಾದರೆ ಮಲಗುವವರೆಗೂ ನಿಲ್ಲದ ಬಾಯಿ ಅದು. ನಿದ್ದೆಯಲ್ಲೂ ಒಂದೆರಡು ವಾರ್ತೆ ಓದುತ್ತಾಳೆ ಎಂದು ಚಿಕ್ಕಪ್ಪ ಆಣೆ ಇಟ್ಟು ಹೇಳುತ್ತಿದ್ದರು. ಅಂಥ ಹುಡುಗಿ ಹತ್ತನೆಯ ತರಗತಿ ಮುಗಿಸಿ, ಪರದೇಶದ ಶಾಲೆಯಲ್ಲಿ ಒಂದು ವರ್ಷ ಓದಲು ಆಯ್ಕೆಯಾಗಿ, ಅಲ್ಲಿಯವರ ಮನೆಯೊಂದರಲ್ಲಿ ಮನೆಮಗಳ ಹಾಗೆ ಇರಲು ಹೋಗಿ, ನಾಲ್ಕು ತಿಂಗಳು ತುಟಿ ಪಿಟಕ್ಕೆನ್ನದೆ ಕಳೆದಳು ಎಂದರೆ ಯಾರು ನಂಬುತ್ತಾರೆ? ಆದರೆ ನಡೆದದ್ದು ಅದೇ.

ಅದಕ್ಕೆ ಕಾರಣ ಅವಳಮ್ಮ ಎನ್ನೋಣವೆಂದರೆ ಆ ತಾಯಿಯದೂ ತಪ್ಪಿಲ್ಲ. ವಿಮಾನ ಹತ್ತಿಸುವಾಗ ಯಾವ ತಾಯಿಯಾದರೂ ಹೇಳುವುದನ್ನೇ ಹೇಳಿದ್ದರು. "ಬೇರೆಯವರ ಮನೆ ಅದು. ಒಂದು ಚೂರೂ ತೊಂದರೆ ಕೊಡಬೇಡ. ಕೊಟ್ಟಿದ್ದು ತಿನ್ನು, ಕೇಳಿದ್ದಕ್ಕೆ ಉತ್ತರ ಕೊಡು. ಅದು ಬೇಕು ಇದು ಬೇಕು ಅಂತ ಹಟ ಮಾಡಬೇಡ. ಎಂಥ ಮಗಳನ್ನ ಕಳಿಸಿದ್ರಪ್ಪಾ ಅಂತ ಯಾರೂ ಅನ್ನಬಾರದು." ಇವಳು ಮನೆಯಲ್ಲಿ ಅಮ್ಮನ ಮಾತನ್ನು ಒಂದು ದಿನವಾದರೂ ಕೇಳಿದವಳಲ್ಲ. ಅಲ್ಲಿ ಹೋಗಿ ಅಕ್ಷರಕ್ಷರ ಕೇಳಿದಳು ನೋಡಿ, ಎಡವಟ್ಟಾದದ್ದು ಅಲ್ಲೇ.

ಅವಳು ಇದ್ದ ಮನೆಯ ಕೆಳಗೆ ಲಾಂಡ್ರಿ, ಮೇಲೆ ಮೂರು ಕೋಣೆ. ಲಾಂಡ್ರಿ ನಡೆಸುವ ಹೆಂಗಸೇ ಮನೆಯೊಡತಿ, ಐವತ್ತರ ಮೇಲಿನ ವಯಸ್ಸು, ಮೊಣಕೈವರೆಗೆ ಮಡಚಿದ ತೋಳು, ಮಣಿಕಟ್ಟಿನ ಹತ್ತಿರ ಇಸ್ತ್ರಿ ಪೆಟ್ಟಿಗೆ ಸುಟ್ಟ ಹಳೆಯ ಕಲೆ. ಗಂಡ ಸಿಟಿ ಬಸ್ಸಿನ ಡ್ರೈವರ್. ಒಬ್ಬಳೇ ಮಗಳು ಮದುವೆಯಾಗಿ ದೂರದೂರಿನಲ್ಲಿದ್ದಳು. ಅವಳ ಕೋಣೆಗೆ ಹೊಸ ಪರದೆ ಹಾಕಿಸಿ ಇವಳಿಗೆ ಬಿಟ್ಟುಕೊಟ್ಟಿದ್ದರು.

ಬಂದ ದಿನವೇ ಆ ಹೆಂಗಸು, "ನನ್ನನ್ನ ಹೆಸರು ಹಿಡಿದೇ ಕರಿ" ಎಂದರು. ಅಯ್ಯೋ ದೇವರೇ! ಅಮ್ಮನಿಗಿಂತ ಹತ್ತು ವರ್ಷ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದೇ? ನಾಲಗೆ ಹೊರಳಬೇಕಲ್ಲ! ಆಂಟಿ ಎಂದು ನೋಡಿದಳು. ಆ ಊರಲ್ಲಿ ಅದು ಸೋದರತ್ತೆಗೋ ಚಿಕ್ಕಮ್ಮನಿಗೋ ಮಾತ್ರ ಹೇಳುವ ಮಾತು. "ನಾನೇನು ನಿಮ್ಮಪ್ಪನ ತಂಗಿಯೇನೇ?" ಎಂದು ಅವರು ಬಿದ್ದು ಬಿದ್ದು ನಕ್ಕರು. ತಮಾಷೆಗೇ ನಕ್ಕದ್ದು, ಆದರೆ ಹುಡುಗಿಯ ಮುಖ ಸಪ್ಪಗಾಯಿತು. ಮನಸ್ಸಿನಲ್ಲಿ ಮಾತ್ರ ಅವರಿಗೆ ಲಾಂಡ್ರಿಯಮ್ಮ, ಅವರ ಗಂಡನಿಗೆ ಡ್ರೈವರಪ್ಪ ಎಂದು ಹೆಸರಿಟ್ಟುಕೊಂಡು, ಬಾಯಲ್ಲಿ ಏನೂ ಕರೆಯದೆ ಉಳಿದಳು. ಏನಾದರೂ ಹೇಳುವುದಿದ್ದರೆ ಹತ್ತಿರ ಹೋಗಿ ನಿಲ್ಲುವುದು, ಅವರಾಗಿಯೇ ತಿರುಗಿ ನೋಡುವವರೆಗೆ ಕಾಯುವುದು. ತೀರಾ ಅವಸರವಿದ್ದರೆ ಒಂದು ಸಲ ಕೆಮ್ಮುವುದು.

ಇನ್ನು ತೊಂದರೆ ಕೊಡದಿರುವ ಕೆಲಸವೋ, ಅದನ್ನು ಅವಳಷ್ಟು ಶ್ರದ್ಧೆಯಿಂದ ಮಾಡಿದವರು ಯಾರೂ ಇರಲಿಕ್ಕಿಲ್ಲ. ಕೆಳಗೆ ಆರು ಯಂತ್ರಗಳು ಗುಡುಗುಟ್ಟುವ ಲಾಂಡ್ರಿ ಇರುವ ಮನೆಯಲ್ಲಿ, ಇವಳು ಬಚ್ಚಲಲ್ಲಿ ಕೂತು ತನ್ನ ಬಟ್ಟೆ ಕೈಯಲ್ಲಿ ಒಗೆದು, ಕಾಲುಚೀಲವನ್ನು ಕಿಟಕಿಯ ಹಿಡಿಗೆ ನೇತುಹಾಕುತ್ತಿದ್ದಳು. ಚಳಿಗೆ ಹಲ್ಲು ಕಟಕಟ ಎಂದರೂ ಹೀಟರಿನ ಗುಂಡಿ ಒತ್ತದೆ ಎರಡು ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದಳು. ಇನ್ನಷ್ಟು ಬಡಿಸಲೇ ಎಂದರೆ ಬೇಡ ಎನ್ನುವಳು. ನಮ್ಮಲ್ಲಾದರೆ ಆ ಬೇಡದ ಮೇಲೆ ಇನ್ನೊಂದು ಸೌಟು ಬೀಳುತ್ತದೆ. ಅಲ್ಲಿ ಪಾತ್ರೆ ವಾಪಸು ಹೋಗುತ್ತಿತ್ತು, ಇವಳ ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು. ಉಂಡ ತಟ್ಟೆ ತೊಳೆದಿಟ್ಟು, ಗಂಡಹೆಂಡತಿ ಮಾತಾಡಿಕೊಳ್ಳಲಿ ಎಂದು ಸರಕ್ಕನೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹಾಗಂತ ಮನೆ ಹಿಡಿಸಲಿಲ್ಲವೇ? ಬೆಟ್ಟದಷ್ಟು ಹಿಡಿಸಿತ್ತು. ಅದರಲ್ಲೂ ಆ ಅಂಗಡಿ! ಬಟ್ಟೆ ಬಂದಕೂಡಲೇ ಕಾಲರಿಗೆ ನಂಬರಿನ ಚೀಟಿ ಪಿನ್ನು ಮಾಡುವುದು, ಜೇಬು ತಡಕುವುದು, ಹಬೆ ಬಿಡುವ ಮೇಜಿನ ಮೇಲೆ ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ಗಿರಾಕಿಗಳೂ ಬಟ್ಟೆ ಕೊಟ್ಟು ಸುಮ್ಮನೆ ಹೋಗುವವರಲ್ಲ, ಮನೆಯ ಪುರಾಣವನ್ನೆಲ್ಲ ಲಾಂಡ್ರಿಯಮ್ಮನ ಮುಂದೆ ಬಿಚ್ಚುತ್ತಿದ್ದರು. ಮೊದಲ ವಾರ ಹುಡುಗಿ ಇಳಿದು ಬಂದು ಒಂದು ಚೀಟಿ ಕೈಗೆತ್ತಿಕೊಂಡಿದ್ದಳು. "ಬೇಡ ಬೇಡ, ಇಡು ಅದನ್ನ. ನಿನ್ನ ಕೈಲಿ ಕೆಲಸ ಮಾಡಿಸಿದ್ರೆ ಸಂಸ್ಥೆಯವರು ನನ್ನನ್ನ ಬಯ್ತಾರೆ. ಹೋಗಿ ಓದ್ಕೋ" ಎಂದರು ಲಾಂಡ್ರಿಯಮ್ಮ. ಮಕ್ಕಳನ್ನು ಮನೆಗಳಿಗೆ ಹಂಚುವ ಸಂಸ್ಥೆಗೆ ಅಂಥದೊಂದು ನಿಯಮವಿತ್ತು ನಿಜ. ಹುಡುಗಿಗೆ ಕೇಳಿಸಿದ್ದು ಮಾತ್ರ ಗದರಿಕೆ. ಆಮೇಲಿಂದ ಶಾಲೆ ಬಿಟ್ಟು ಬಂದವಳು ಯಾರಿಗೂ ಕಾಣದಂತೆ ಮೆಟ್ಟಿಲ ತಿರುವಿನಲ್ಲಿ ಕೂತು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಅಂಗಡಿಯ ಮಾತಿಗೆ ಕಿವಿಗೊಡುತ್ತಿದ್ದಳು. ಗಂಟೆಗಟ್ಟಲೆ! ಇಡೀ ದಿನದಲ್ಲಿ ಅವಳು ಸುಖವಾಗಿರುತ್ತಿದ್ದ ಹೊತ್ತು ಅದೊಂದೇ. ಅದು ಮನೆಯವರಿಗೆ ಗೊತ್ತಿರಲಿಲ್ಲ.

ಐದನೆಯ ತಿಂಗಳು ಒಂದು ಗುರುವಾರ ಮಧ್ಯಾಹ್ನ ಸಂಸ್ಥೆಯ ಮೇಡಂ ಫೈಲು ಹಿಡಿದು ಬಂದರು. ಲಾಂಡ್ರಿಗೆ ಅರ್ಧ ದಿನ ಬಾಗಿಲು ಹಾಕಿತ್ತು. ಅಡುಗೆಮನೆಯ ಮೇಜಿನ ಸುತ್ತ ನಾಲ್ವರೂ ಕೂತರು.

"ನಾಲ್ಕು ತಿಂಗಳಾಯ್ತು ಮೇಡಂ," ಎಂದರು ಲಾಂಡ್ರಿಯಮ್ಮ, ಯಾರ ಮುಖವನ್ನೂ ನೋಡದೆ. "ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರೆದಿಲ್ಲ. ಊಟ ಸೇರಲ್ಲ. ಬಟ್ಟೇನೂ ನಮ್ಮ ಕೈಗೆ ಕೊಡಲ್ಲ. ಕೋಣೆ ಬಿಟ್ಟು ಹೊರಗೆ ಬರಲ್ಲ. ಅವಳದ್ದೇನೂ ತಪ್ಪಿಲ್ಲ, ನಮಗೇ ನೋಡ್ಕೊಳ್ಳೋಕೆ ಬರಲ್ಲ ಅನ್ನಿಸುತ್ತೆ."

ಮೇಡಂ ಹುಡುಗಿಯ ಕಡೆ ತಿರುಗಿದರು. "ಊರಿನ ಆ ಕೊನೆಯಲ್ಲಿ ಇನ್ನೊಂದು ಮನೆ ಇದೆ ಪುಟ್ಟಾ. ನಿನ್ನ ವಯಸ್ಸಿನ ಇಬ್ಬರು ಹುಡುಗೀರಿದ್ದಾರೆ. ಅಲ್ಲಿಗೆ ಹೋಗ್ತೀಯಾ, ಇಲ್ಲೇ ಇರ್ತೀಯಾ? ಯಾವುದು ಹೇಳಿದ್ರೂ ನಮಗೆ ಒಪ್ಪಿಗೆ."

ಇಲ್ಲೇ ಇರ್ತೀನಿ. ಎರಡೇ ಮಾತು, ಗಂಟಲವರೆಗೆ ಬಂದಿತ್ತು. ಹೇಳಿಬಿಡಬಾರದಿತ್ತೇನೇ ಮಹಾತಾಯಿ? ಆದರೆ ಅವಳು ಲಾಂಡ್ರಿಯಮ್ಮನ ಮುಖ ನೋಡಿದಳು. ಅವರು ತಲೆ ತಗ್ಗಿಸಿ ಮೇಜಿನ ಮೇಲೆ ಬಿದ್ದಿದ್ದ ಬ್ರೆಡ್ಡಿನ ಚೂರನ್ನು ಬೆರಳಲ್ಲಿ ಒತ್ತುತ್ತಿದ್ದರು. ಇವರೇ ನನ್ನನ್ನು ಕಳಿಸಬೇಕೆಂದು ಮೇಡಂ ಅವರನ್ನು ಕರೆಸಿದ್ದಾರೆ, ಬೇಡವಾದ ಮೇಲೂ ಇರುತ್ತೇನೆಂದು ಅಂಟಿಕೊಳ್ಳುವುದು ಹೇಗೆ ಎನ್ನಿಸಿತು ಅವಳಿಗೆ. ಬಾಯಿಂದ ಬಂದದ್ದು ಇದು: "ನಿಮಗೆಲ್ಲ ಹೇಗೆ ಅನುಕೂಲವೋ ಹಾಗೆ."

ನಮ್ಮ ಯಾವ ಅತ್ತೆ, ದೊಡ್ಡಮ್ಮ ಈ ಮಾತು ಕೇಳಿದ್ದರೂ, "ಸಾಕು ಸುಮ್ಮನಿರೇ, ಎಲ್ಲಿಗೂ ಹೋಗಬೇಡ, ಕೂತ್ಕೋ" ಎಂದು ತಲೆಗೊಂದು ಮೊಟಕಿ ಮಾತು ಮುಗಿಸುತ್ತಿದ್ದರು. ನಮ್ಮಲ್ಲಿ ಅದು ಅರ್ಧ ಮಾತು, ಉಳಿದರ್ಧ ಎದುರಿನವರು ಆಡಬೇಕು. ಆ ಮೇಜಿನ ಸುತ್ತ ಕೂತವರು ಅದನ್ನೇ ಪೂರ್ತಿ ಮಾತೆಂದು ತಿಳಿದರು. ಮೇಡಂ ಬರೆದುಕೊಂಡರು. ಡ್ರೈವರಪ್ಪ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು. ಶನಿವಾರ ಹತ್ತು ಗಂಟೆಗೆ ಕಾರು ಬರುತ್ತದೆ ಎಂದು ತೀರ್ಮಾನವಾಯಿತು.

ಶುಕ್ರವಾರ ಶಾಲೆಯಿಂದ ಬಂದವಳು ಮೆಟ್ಟಿಲ ತಿರುವಿನಲ್ಲೇ ಕೂತಳು. ಕೆಳಗೆ ಕೋಟು ತೆಗೆದುಕೊಂಡು ಹೋಗಲು ಬಂದಿದ್ದ ಮೇಷ್ಟ್ರೊಬ್ಬರು, "ಏನಮ್ಮಾ, ಕಣ್ಣು ಕೆಂಪಗಿದೆ?" ಎಂದು ಕೇಳಿದರು.

"ನಮ್ಮ ಹುಡುಗಿ ನಾಳೆ ಹೋಗ್ತಿದ್ದಾಳೆ," ಎಂದರು ಲಾಂಡ್ರಿಯಮ್ಮ. "ಇರು ಅಂತ ಹೇಳೋಣ ಅಂತ ನಾಲಗೆ ತುದಿಗೆ ಬಂದಿತ್ತು. ಮೇಡಂ ಬೇಡ ಅಂದಿದ್ರು. ನೀವು ಇರು ಅಂದ್ರೆ ಅವಳು ದಾಕ್ಷಿಣ್ಯಕ್ಕೆ ಇದ್ದುಬಿಡ್ತಾಳೆ, ಅವಳೇ ಹೇಳಲಿ ಅಂದ್ರು. ಏನು ಮಾಡ್ಲಿ? ದಿನಾ ಅವಳ ಕೋಣೆ ಬಾಗಿಲ ಮುಂದೆ ಹೋಗಿ ನಿಂತು ವಾಪಸ್ ಬರ್ತೀನಿ."

ಹುಡುಗಿ ಅದನ್ನು ಕೇಳಿದ್ದೇ ತಡ, ಪುಸ್ತಕ ಎಲ್ಲೋ ಬಿತ್ತು, ಇವಳು ದಡದಡನೆ ಇಳಿದು ಅಂಗಡಿಯ ನಡುವೆ ನಿಂತಿದ್ದಳು. "ನಾನು ಹೋಗಲ್ಲ! ನನಗೆ ಇಲ್ಲೇ ಇರಬೇಕು. ನಿಮಗೆ ನಾನು ಬೇಡ ಅಂತ ತಿಳ್ಕೊಂಡೆ, ಅದಕ್ಕೆ ಹಾಗಂದೆ. ನಾನು ದಿನಾ ಇಲ್ಲೇ ಮೆಟ್ಟಿಲ ಮೇಲೆ ಕೂತಿರ್ತೀನಿ, ನಿಮ್ಮ ಮಾತು ಕೇಳ್ತಾ. ನನಗೆ ಹಸಿವಾಗುತ್ತೆ, ಚಳಿಯಾಗುತ್ತೆ, ಎಲ್ಲ ಆಗುತ್ತೆ. ದಯವಿಟ್ಟು ಕಳಿಸಬೇಡಿ!" ನಾಲ್ಕು ತಿಂಗಳು ಕಟ್ಟಿಟ್ಟದ್ದೆಲ್ಲ ಒಂದೇ ಉಸಿರಿಗೆ ಹೊರಬಂತು.

ಮೇಷ್ಟ್ರು ಕೋಟು ತೆಗೆದುಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದರು. ಲಾಂಡ್ರಿಯಮ್ಮ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಬಂದು ಅವಳನ್ನು ಬಿಗಿಯಾಗಿ ತಬ್ಬಿಕೊಂಡರು. ಗೊಳೋ ಎಂದು ಅತ್ತರು. ಹುಡುಗಿ ಗೆದ್ದೆನೆಂದೇ ತಿಳಿದಳು.

"ಎಷ್ಟು ಒಳ್ಳೇವಳೇ ನೀನು," ಎಂದರು ಅವರು ಅವಳ ಕೆನ್ನೆ ಒರೆಸುತ್ತ. "ನಾನು ಮೇಷ್ಟ್ರ ಹತ್ತಿರ ಹೇಳಿದ್ದು ಕೇಳಿಸ್ಕೊಂಡು ಓಡಿ ಬಂದುಬಿಟ್ಟೆ. ಮೇಡಂ ಮೊದಲೇ ಹೇಳಿದ್ರು, ನಿಮ್ಮ ಕಡೆ ಮಕ್ಕಳು ದೊಡ್ಡವರ ಮನಸ್ಸು ನೋಯಬಾರದು ಅಂತ ಏನು ಬೇಕಾದ್ರೂ ಹೇಳ್ತಾರೆ ಅಂತ."

"ಇಲ್ಲ, ನಿಜವಾಗ್ಲೂ! ದೇವರಾಣೆ!"

"ಹೂಂ ಕಣೇ, ಹೂಂ. ನೀನು ನನಗೋಸ್ಕರ ಇಲ್ಲಿ ಸವೆಯೋದು ಬೇಡ. ನನ್ನ ಮಗಳಾಗಿದ್ರೂ ಕಳಿಸ್ತಿದ್ದೆ."

ಅವಳು ಆಣೆ ಇಟ್ಟಷ್ಟೂ ಅವರು ಬೆನ್ನು ಸವರಿದರು. ಅವಳು ಜೋರಾಗಿ ಅತ್ತಷ್ಟೂ ಪಾಪ, ಎಷ್ಟು ಸಹಿಸಿದೆಯೋ ಎಂದು ಇನ್ನಷ್ಟು ಕರಗಿದರು. ಸಂಜೆ ಡ್ರೈವರಪ್ಪನ ಹತ್ತಿರ ಹೇಳಿದಳು. ಅವರು ತಮ್ಮ ಪಾಲಿನ ಊಟದಲ್ಲಿ ಅರ್ಧ ಅವಳ ತಟ್ಟೆಗೆ ಹಾಕಿ ತಲೆ ನೇವರಿಸಿದರು. ಮೇಡಂಗೆ ಫೋನು ಮಾಡಿದಳು. "ಗೊತ್ತು ಪುಟ್ಟಾ, ಹೊರಡುವಾಗ ಎಲ್ಲರಿಗೂ ಹೀಗೇ ಅನ್ನಿಸುತ್ತೆ" ಎಂದು ಅವರು ಸಮಾಧಾನ ಮಾಡಿದರು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಳಿ? ಒಬ್ಬರಾದರೂ ಕೆಟ್ಟವರಿದ್ದರೆ ಜಗಳವಾದರೂ ಆಡಬಹುದಿತ್ತು.

ಶನಿವಾರ ಹತ್ತಕ್ಕೆ ಸರಿಯಾಗಿ ಕಾರು ಬಂತು. ಲಾಂಡ್ರಿಯಮ್ಮ ಅವಳ ಬಟ್ಟೆಯನ್ನೆಲ್ಲ ಬೆಳಗ್ಗೆಯೇ ಎದ್ದು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಪೆಟ್ಟಿಗೆಗೆ ತುಂಬಿದ್ದರು. ಡ್ರೈವರಪ್ಪ ಪೆಟ್ಟಿಗೆಯನ್ನು ಕಾರಿನ ಹಿಂದೆ ಇಟ್ಟರು. ಅತ್ತು ಅತ್ತು ಹುಡುಗಿಯ ಸ್ವರವೇ ಬಿದ್ದುಹೋಗಿತ್ತು. ಸೀಟಿನಲ್ಲಿ ಕೂತವಳ ಕಡೆ ಬಗ್ಗಿ ಲಾಂಡ್ರಿಯಮ್ಮ ಅವಳ ಕೋಟಿನ ಗುಂಡಿ ಹಾಕಿದರು.

"ಅಲ್ಲಿ ಹೋಗಿ ಹೀಗೆ ಸುಮ್ಮನೆ ಇರಬೇಡ," ಎಂದರು. "ನಿನಗೇನು ಬೇಕೋ ಬಾಯಿಬಿಟ್ಟು ಕೇಳಬೇಕು, ಆಯ್ತಾ?"

"ನಿನ್ನೆ ಕೇಳಿದೆನಲ್ಲಾ," ಎಂದಳು ಹುಡುಗಿ.

"ಜಾಣೆ" ಎಂದು ಅವಳ ಗಲ್ಲ ಹಿಡಿದು ಮುದ್ದಿಸಿ, ಲಾಂಡ್ರಿಯಮ್ಮ ಕಾರಿನ ಬಾಗಿಲು ಹಾಕಿದರು.