ಓಬಳಯ್ಯನ ಹೊಸ ಬ್ಯಾಟರಿ

ಸ್ಪ್ಯಾನರ್ ಮತ್ತೆ ಜಾರಿ ಓಬಳಯ್ಯನ ಬೆರಳಿನ ಗಿಣ್ಣು ತಗಡಿನ ಅಂಚಿಗೆ ತರಚಿತು. ಬೆರಳನ್ನು ಬಾಯಿಗಿಟ್ಟುಕೊಳ್ಳಲು ಹೋದವನು, ಕೈಗೆ ಆಸಿಡ್ ತಗುಲಿರಬಹುದೆಂದು ನೆನಪಾಗಿ ಲುಂಗಿಗೆ ಒರೆಸಿಕೊಂಡ. ಬ್ಯಾಟರಿಯ ತಂತಿ ಕಚ್ಚಿಕೊಂಡಿದ್ದ ನಟ್ಟಿನ ಸುತ್ತ ಹಸಿರು ಬೆರೆತ ಬಿಳಿಯ ಪುಡಿ ಉಪ್ಪಿನಂತೆ ಗಟ್ಟಿಯಾಗಿ ಕೂತಿತ್ತು. ಹೆಂಡತಿ ಸಿದ್ದಲಕ್ಷ್ಮಮ್ಮ ಚೊಂಬಿನಲ್ಲಿ ತಂದಿಟ್ಟ ಬಿಸಿನೀರನ್ನು ಅದರ ಮೇಲೆ ಸುರಿದ. ಪುಡಿ ನೊರೆನೊರೆಯಾಗಿ ಕರಗಿತು.

"ರಂಗನ್ನ ಕರೀಬಾರ್ದಾ?" ಎಂದಳು ಸಿದ್ದಲಕ್ಷ್ಮಮ್ಮ. "ಬಸ್‌ಸ್ಟ್ಯಾಂಡ್ ತಾವೇ ಐತಲ್ಲ ಅವನ ಶೆಡ್ಡು. ಬಂದು ಗಳಿಗೆಯಲ್ಲಿ ಬಿಚ್ಚಿಕೊಟ್ಟು ಹೋಗ್ತಾನೆ."

"ನಂಗೇನು ಕೈ ಇಲ್ವಾ?"

ಅವಳು ಚೊಂಬು ತೆಗೆದುಕೊಂಡು ಒಳಗೆ ಹೋದಳು. ರಂಗಣ್ಣ ಅವಳ ತಮ್ಮ. ಗುಬ್ಬಿಯಲ್ಲಿ ಯಾರ ಕಾರು, ಲಾರಿ ಕೆಟ್ಟರೂ ಮೊದಲು ಕೂಗುವುದು ಅವನನ್ನೇ. ಮೂರು ದಿನದ ಹಿಂದೆ ಓಬಳಯ್ಯನೂ ಅವನ ಶೆಡ್ಡಿಗೆ ತನ್ನ ಅಂಬಾಸಿಡರ್ ತಂದು ನಿಲ್ಲಿಸಿ, ಲೈಟು ಮಂಕಾಗಿದೆ, ಬ್ಯಾಟರಿ ನೋಡು ಅಂದಿದ್ದ. ರಂಗಣ್ಣ ಬ್ಯಾಟರಿ ನೋಡಿದ, ಡೈನಮೋ ನೋಡಿದ, ತಂತಿಗಳನ್ನೆಲ್ಲ ಎಳೆದು ನೋಡಿದ. ಕೊನೆಗೆ ಬಾನೆಟ್ ಮುಚ್ಚಿ, "ಬ್ಯಾಟರಿ ಗುಂಡುಕಲ್ಲಿನಂಗೈತೆ ಭಾವ. ಇನ್ನೂ ಒಂದು ವರ್ಷಕ್ಕೆ ಯೋಚ್ನೆ ಇಲ್ಲ" ಅಂದಿದ್ದ. ಓಬಳಯ್ಯನಿಗೆ ಆ ಮಾತು ಹಿಡಿಸಿರಲಿಲ್ಲ. ಹುಡುಗನಾಗಿದ್ದಾಗ ಇದೇ ಕಾರು ಒರೆಸಿಕೊಂಡಿದ್ದವನು, ಈಗ ದೊಡ್ಡ ಮೇಸ್ತ್ರಿಯಾಗಿಬಿಟ್ಟಿದ್ದಾನೆ ಅನ್ನಿಸಿತ್ತು.

ಲೈಟು ಮಂಕಾಗಿರುವುದು ಸುಳ್ಳಲ್ಲ. ಹೋದ ವಾರ ಸಿ.ಎಸ್. ಪುರದಿಂದ ಬಾಡಿಗೆ ಮುಗಿಸಿಕೊಂಡು ಮುಸ್ಸಂಜೆಯಲ್ಲಿ ಬರುತ್ತಿದ್ದಾಗ ಹುಲ್ಲು ತುಂಬಿದ ಗಾಡಿಯೊಂದು ಎದುರಿಗೆ ಎದ್ದುನಿಂತಂತೆ ಬಂದಿತ್ತು. ಪಕ್ಕದಲ್ಲಿ ಕೂತಿದ್ದ ಗಿರಾಕಿ ಕೂಗಿಕೊಂಡಿರದಿದ್ದರೆ ಎತ್ತುಗಳ ಗತಿ ಏನಾಗುತ್ತಿತ್ತೋ. ಕಾರು ರಸ್ತೆಯಿಂದಿಳಿದು ಹುಣಸೆಮರದ ಬುಡದಲ್ಲಿ ನಿಂತಾಗ ಓಬಳಯ್ಯ ಮೊದಲು ಗಿರಾಕಿಯ ಕಡೆ ತಿರುಗಿದ. "ಬ್ಯಾಟರಿ ವೀಕಾಗೈತೆ ಸ್ವಾಮಿ, ಲೈಟೇ ಬೀಳ್ತಿಲ್ಲ" ಎಂದ. ಗಿರಾಕಿ ನಂಬಿದ. ಹೇಳುತ್ತ ಹೇಳುತ್ತ ಓಬಳಯ್ಯನೂ ನಂಬಿದ. ಅಂದಿನಿಂದ ಸಂಜೆಯ ಬಾಡಿಗೆ ಯಾರು ಕೇಳಿದರೂ ಅದೇ ಮಾತು ಹೇಳಿ ಕಳಿಸಿದ್ದ.

ಆದರೆ ನಾಳೆಯದನ್ನು ಹಾಗೆ ತಪ್ಪಿಸುವಂತಿರಲಿಲ್ಲ. ಹಿಂದಿನ ಬೀದಿಯ ಅಂಜನಪ್ಪನ ಮಗಳ ಮದುವೆ ಕುಣಿಗಲ್‌ನಲ್ಲಿ, ಗಂಡಿನ ಊರಿನಲ್ಲಿ. ನೆಂಟರೆಲ್ಲ ಇವತ್ತೇ ಬಸ್ಸಿಗೆ ಹೊರಡುತ್ತಾರೆ. ಹೆಣ್ಣು, ಹೆಣ್ಣಿನ ತಂದೆತಾಯಿ ಮಾತ್ರ ಮನೆದೇವರ ಪೂಜೆ ಮುಗಿಸಿ, ಕೋಳಿ ಕೂಗುವ ಮೊದಲೇ ಕಾರಿನಲ್ಲಿ ಹೊರಡಬೇಕು. ಸಿದ್ದಲಕ್ಷ್ಮಮ್ಮನೂ ಹೆಣ್ಣಿನ ಜೊತೆಗೆ ಹೋಗುವವಳು. ಮಾತು ಕೊಟ್ಟು ತಿಂಗಳಾಗಿತ್ತು.

ನಟ್ಟು ಕೊನೆಗೂ ಸಡಿಲವಾಯಿತು. ಓಬಳಯ್ಯ ಬ್ಯಾಟರಿ ಎತ್ತಿ ಜಗುಲಿಯ ಮೇಲಿಟ್ಟ. ಅದು ಕೂತಿದ್ದ ತಟ್ಟೆಯ ಉದ್ದಕ್ಕೊಂದು, ಅಗಲಕ್ಕೊಂದು, ಬಾನೆಟ್ಟಿನವರೆಗಿನ ಎತ್ತರಕ್ಕೊಂದು ಪೊರಕೆ ಕಡ್ಡಿ ಮುರಿದು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಪ್ಯಾಂಟು ಹಾಕಿಕೊಂಡು, ಬ್ಯಾಟರಿಯನ್ನು ಗೋಣಿಚೀಲದಲ್ಲಿ ಸುತ್ತಿ ಹೆಗಲಿಗೇರಿಸಿದ. ರಂಗಣ್ಣನ ಶೆಡ್ಡಿನ ಮುಂದೆ ಹಾಯದೆ ಸುತ್ತು ಬಳಸಿ ಹೋಗಿ ತುಮಕೂರು ಬಸ್ಸು ಹತ್ತಿದ.

"ಏನಯ್ಯಾ ಅದು? ಆಸಿಡ್ ಚೆಲ್ಲಿ ಯಾರದಾದ್ರೂ ಸೀರೆ ಸುಟ್ರೆ ಯಾರು ಜವಾಬ್ದಾರಿ?" ಎಂದ ಕಂಡಕ್ಟರ್.

"ಚೆಲ್ಲಲ್ಲ ನಡಿಯಪ್ಪ. ಕಾಲ್ಸಂದಿಯಲ್ಲಿ ಇಟ್ಕೋತೀನಿ."

ದಾರಿಯುದ್ದಕ್ಕೂ ಬ್ಯಾಟರಿಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದುಕೊಂಡೇ ಕೂತ. ಬಸ್ಸು ಪ್ರತಿ ಹಳ್ಳಿಯಲ್ಲೂ ನಿಲ್ಲುತ್ತಿತ್ತು. ಡ್ರೈವರ್ ಗೇರು ಬದಲಿಸುವುದು ತಡವಾಯಿತು, ಬ್ರೇಕು ಬೇಗ ಒತ್ತಿದ ಎಂದು ಓಬಳಯ್ಯ ಒಳಗೊಳಗೇ ಸಿಡುಕುತ್ತಿದ್ದ.

ಬಿ.ಎಚ್. ರಸ್ತೆಯ ಚನ್ನವೀರಯ್ಯನ ಬ್ಯಾಟರಿ ಅಂಗಡಿ ಉದ್ದನೆಯ ಕೋಣೆ. ಒಳಗೆ ಹೋದಷ್ಟೂ ನೆರಳು. ಚನ್ನವೀರಯ್ಯ ಗೋಣಿ ಬಿಚ್ಚಿ, ಬ್ಯಾಟರಿಯ ಬಿರಡೆ ತೆಗೆದು, ರಬ್ಬರ್ ಬುರುಡೆಯ ಗಾಜಿನ ಕೊಳವೆ ಇಳಿಬಿಟ್ಟು ಆಸಿಡ್ ಎಳೆದ. ಕೊಳವೆಯೊಳಗೆ ಸಣ್ಣ ಬುಡ್ಡಿಯೊಂದು ತೇಲಿತು.

"ಇದನ್ನ ಯಾಕಯ್ಯಾ ಹೊತ್ಕೊಂಡು ಬಂದೆ? ನೋಡು, ಹಸಿರು ಗೆರೇಲೇ ನಿಂತೈತೆ, ಚಾರ್ಜು ಪೂರಾ ಐತೆ."

ಓಬಳಯ್ಯ ಬಗ್ಗಿ ನೋಡಿದ. ಗಾಜು ಕಂಡಿತು, ಗಾಜಿನೊಳಗೆ ನೀರಿನಂಥದ್ದು ಅಲುಗಿದ್ದು ಕಂಡಿತು. ಗೆರೆ ಯಾವುದು, ಹಸಿರು ಯಾವುದು ತಿಳಿಯಲಿಲ್ಲ. "ಹೂಂ" ಎಂದ. "ನಿಂತಿರಬಹುದು. ಗಾಡಿಗೆ ಹಾಕಿದ್ಮೇಲೆ ನಿಲ್ಲಲ್ಲ. ಹೊಸಾದೇ ಕೊಡು."

ಗೋಡೆಯ ಬದಿಗೆ ಸಾಲಾಗಿಟ್ಟಿದ್ದ ಕಪ್ಪು ಬ್ಯಾಟರಿಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಮೇಲೆ ಕೈಯಿಟ್ಟ.

"ಅದು ಲಾರೀದು. ನಿನ್ನ ಗಾಡಿ ತಟ್ಟೆ ಮ್ಯಾಲೆ ಕೂರಲ್ಲ. ಕೂತ್ರೂ ಬಾನೆಟ್ ಮುಚ್ಚಲ್ಲ."

ಓಬಳಯ್ಯ ಪೊರಕೆ ಕಡ್ಡಿಗಳನ್ನು ತೆಗೆದು ಒಂದೊಂದಕ್ಕೂ ಹಿಡಿದು ನೋಡಿದ. ಲಾರಿಯದು ಎರಡು ಬೆರಳು ಹೆಚ್ಚಾಯಿತು. ಅಳತೆಗೆ ಹೊಂದಿದ್ದು ಮೂರು. ಅದರಲ್ಲೊಂದು ಹಳೆಯ ಪೆಟ್ಟಿಗೆಗೆ ಹೊಸ ಪ್ಲೇಟು ಹಾಕಿ ಕಟ್ಟಿದ್ದು. ಅಂಚಿನ ಟಾರನ್ನು ಉಗುರಿನಿಂದ ಕೆರೆದು ನೋಡಿ ಅದನ್ನು ಬದಿಗೆ ತಳ್ಳಿದ. ಇನ್ನೊಂದರಲ್ಲಿ ತಂತಿ ಬಿಗಿಯುವ ದಪ್ಪ ಮೊಳೆ ಎಡಗಡೆಗಿತ್ತು. ಕಾರಿನ ತಂತಿ ಅಲ್ಲಿಯವರೆಗೆ ಎಟುಕುವುದಿಲ್ಲ. ಉಳಿದದ್ದು ಹದಿಮೂರು ಪ್ಲೇಟಿನದು, ಆಗಲೇ ಆಸಿಡ್ ತುಂಬಿ ಚಾರ್ಜು ಮಾಡಿಟ್ಟದ್ದು.

"ಇದನ್ನ ಹಾಕಿದ್ರೆ ಲೈಟು ಜೋರಾಗಿ ಬೀಳ್ತದಾ?"

"ಲೈಟು ಬೀಳ್ಬೇಕಂದ್ರೆ ಬಲ್ಬು ನೋಡ್ಬೇಕಪ್ಪ. ಇದು ಗಾಡಿ ಎಬ್ಬಿಸೋಕೆ."

"ಬಲ್ಬೂ ಹೊಸಾದೇ. ಹೋದ ತಿಂಗಳು ಹಾಕ್ದೆ."

ಚನ್ನವೀರಯ್ಯ ಕೊಳವೆಯನ್ನು ನೀರಿನಲ್ಲಿ ತೊಳೆಯುತ್ತಿದ್ದವನು ತಲೆಯೆತ್ತಿ ಓಬಳಯ್ಯನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ನಿಂಗೀಗ ವಯಸ್ಸೆಷ್ಟಾಯ್ತು ಓಬಳಯ್ಯ?"

"ಯಾಕೆ? ಬ್ಯಾಟರಿಗೂ ನನ್ ವಯಸ್ಸಿಗೂ ಏನು?"

"ಏನಿಲ್ಲ ಬುಡು. ಸುಮ್ನೆ ಕೇಳ್ದೆ. ತಡಿ, ಇಲ್ಲಿಗೇ ಗಾಡಿ ತಂದಿದ್ರೆ ನಮ್ಮ ಆಳೇ ಕೂರಿಸ್ಕೊಡ್ತಿದ್ದ."

"ನಾನೇ ಕೂರಿಸ್ಕೋತೀನಿ."

ಹಳೆಯದನ್ನು ಅಲ್ಲೇ ಬಿಟ್ಟು ಹೊಸದನ್ನು ಹೊತ್ತು ಹಿಂದಿರುಗುವಾಗ ಬಸ್ಸು ರೈಲ್ವೆ ಗೇಟಿನಲ್ಲಿ ನಿಂತುಬಿಟ್ಟಿತು. ಗೂಡ್ಸು ಗಾಡಿ ಬರುವುದು ಕಾಣದು, ಗೇಟು ತೆರೆಯುವುದು ಕಾಣದು. ಉಳಿದವರು ಇಳಿದು ಸೌತೆಕಾಯಿ ತಿಂದರು. ಓಬಳಯ್ಯ ಕಿಟಕಿಯಿಂದ ಬಗ್ಗಿ ಬಗ್ಗಿ ಸೂರ್ಯನನ್ನು ನೋಡಿದ. ಬೆಳಕಿದ್ದಾಗಲೇ ಕೆಲಸ ಮುಗಿಯಬೇಕು, ಕತ್ತಲಾದ ಮೇಲೆ ಒಂದು ಸಲ ಹಚ್ಚಿ ನೋಡಬೇಕು. ಹಚ್ಚಿ ನೋಡಿದರೆ ಮುಗಿಯಿತು, ರಂಗನನ್ನೂ ಕರೆದು ತೋರಿಸುತ್ತೇನೆ ಎಂದುಕೊಂಡ. ಅವನ ಕಾಲು ತಾನಾಗಿಯೇ ಬಸ್ಸಿನ ನೆಲ ಕುಟ್ಟುತ್ತಿತ್ತು.

ಮನೆ ಮುಟ್ಟಿದಾಗ ಬೀದಿಯಲ್ಲಿ ಬಿಸಿಲು ಇರಲಿಲ್ಲ. ಮುಖ ತೊಳೆಯದೆ, ಕಾಫಿ ಕುಡಿಯದೆ ಬಾನೆಟ್ ಎತ್ತಿದ. ತಟ್ಟೆಯನ್ನು ಅಡಿಗೆ ಸೋಡಾದ ನೀರಿನಿಂದ ತೊಳೆದು ಒರೆಸಿ ಬ್ಯಾಟರಿ ಇಳಿಸಿದ. ಅದು ಅಳತೆಗೆ ಸರಿಯಾಗಿ ಕೂತಿತು. ಮೊಳೆಗಳ ಪಕ್ಕದಲ್ಲಿ ಕೂಡುವ ಗುರುತು, ಕಳೆಯುವ ಗುರುತು ಉಬ್ಬಿರುತ್ತದೆ. ಅದನ್ನು ನೋಡಲು ಮುಖವನ್ನು ಬಾನೆಟ್ಟಿನೊಳಕ್ಕೆ ತೂರಿಸಿದ. ಕಾಣಲಿಲ್ಲ. ಹೆಬ್ಬೆರಳು ಆಡಿಸಿ ದಪ್ಪ ಮೊಳೆ ಯಾವುದು, ಸಣ್ಣದು ಯಾವುದು ಎಂದು ತಡವಿ ತಿಳಿದುಕೊಂಡ. ದಪ್ಪದಕ್ಕೆ ಒಂದು ತಂತಿ ಬಿಗಿದ. ಕಾರಿನ ಮೈತಗಡಿಗೆ ಹೋಗುವ ಇನ್ನೊಂದು ತಂತಿಯನ್ನು ಕೊನೆಯಲ್ಲಿ ಸಣ್ಣದಕ್ಕೆ ಸೇರಿಸಿದ. ಎರಡಕ್ಕೂ ವ್ಯಾಸಲೀನ್ ಸವರಿದ.

ಸೊಂಟ ನೆಟ್ಟಗೆ ಮಾಡಿಕೊಂಡು ತಿರುಗಿದಾಗ ಸಿದ್ದಲಕ್ಷ್ಮಮ್ಮ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು.

"ಈ ಕತ್ತಲಲ್ಲಿ ಕಲ್ಲು ಕಾಣ್ತದೇನೇ ನಿಂಗೆ?"

"ಎಲ್ಲಿ ಕತ್ತಲು? ದೀಪ ಹಚ್ಚೋ ಹೊತ್ತೇ ಆಗಿಲ್ಲ," ಎಂದು ಅವಳು ಒಂದು ಕಲ್ಲನ್ನು ಆರಿಸಿ ಬೀದಿಗೆಸೆದಳು.

ಅವನು ಕೈ ಒರೆಸಿಕೊಂಡ. ಕಾರಿನಲ್ಲಿ ಕೂತು ಸ್ಟಾರ್ಟು ಮಾಡಿದ. ಇಂಜಿನ್ನು ಒಂದೇ ಸಲಕ್ಕೆ ಎದ್ದಿತು. ಆ ಸದ್ದಿಗೆ ಮನಸ್ಸು ಹಗುರಾಗಿ, ಆರಿಸಿ ಮತ್ತೊಮ್ಮೆ ಎಬ್ಬಿಸಿದ. ಆಮೇಲೆ ಕತ್ತಲಾಗುವುದನ್ನೇ ಕಾಯುತ್ತ ಕಾರಿನ ಸುತ್ತ ಓಡಾಡಿದ, ಟೈರು ಒದ್ದು ನೋಡಿದ, ಲೈಟಿನ ಗಾಜುಗಳನ್ನು ಎರಡು ಸಲ ಒರೆಸಿದ.

ಮನೆಗಳಲ್ಲಿ ದೀಪ ಹತ್ತಿದ ಮೇಲೆ ಇಂಜಿನ್ನು ಎಬ್ಬಿಸಿ ಲೈಟಿನ ಸ್ವಿಚ್ಚು ಎಳೆದ. ಎದುರು ಮನೆಯ ಗೋಡೆಯ ಮೇಲೆ ಹಳದಿಯ ಮಬ್ಬು ಕಲೆಯೊಂದು ಬಿತ್ತು. ಹೊಗೆಯೊಳಗೆ ಲಾಟೀನು ಹಿಡಿದಂತೆ. ಅವತ್ತು ಸಿ.ಎಸ್. ಪುರದ ರಸ್ತೆಯ ಮೇಲೂ ಹೀಗೇ ಬಿದ್ದಿತ್ತು. ಇಂಜಿನ್ನಿನ ವೇಗ ಹೆಚ್ಚಿಸಿದ. ಕಲೆ ಹಾಗೇ ಇತ್ತು.

ಸದ್ದಿಗೆ ಸಿದ್ದಲಕ್ಷ್ಮಮ್ಮ ಹೊರಗೆ ಬಂದಳು. ಕಾರಿನ ಮುಂದೆ ಹಾಯುವಾಗ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದಳು.

"ಆರ್ಸಿ ಮೊದ್ಲು. ಕಣ್ಣು ಕುಕ್ತದೆ."

"ಜೋರಾಗೈತಾ?"

"ಇದಕ್ಕಿಂತ ಜೋರು ಬೇಕಾ? ಗೋಡೆ ಮ್ಯಾಲೆ ಹಲ್ಲಿ ಹರಿದಾಡೋದು ಇಲ್ಲಿಗೆ ಕಾಣ್ತೈತೆ."

"ಎಲ್ಲಿ?"

"ಅಗೋ, ಕಿಟಕಿ ಪಕ್ಕದಲ್ಲಿ."

ಓಬಳಯ್ಯ ನೋಡಿದ. ಹಲ್ಲಿ ಹಾಗಿರಲಿ, ಕಿಟಕಿಯೇ ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಎಷ್ಟೋ ವರ್ಷದಿಂದ ದಿನವೂ ನೋಡಿದ ಗೋಡೆ ಅದು. ಲೈಟು ಆರಿಸಿದ, ಇಂಜಿನ್ನೂ ಆರಿಸಿದ. ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ.

ಅವಳು ಬಾಗಿಲ ಹತ್ತಿರ ಬಂದು ನಿಂತಳು. "ಎಷ್ಟು ದಿನದಿಂದ?" ಎಂದಳು ಮೆಲ್ಲಗೆ.

"ಬ್ಯಾಟರಿ ಅಂದ್ಕೊಂಡೆ."

ಬೀದಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು.

"ಹಗಲು ಹೊತ್ತು ಏನೂ ಇಲ್ಲ," ಎಂದ ಓಬಳಯ್ಯ. "ನಾಳೆ ನಿಧಾನಕ್ಕೆ ಹೋದ್ರಾಯ್ತು. ಇಷ್ಟು ವರ್ಷ ಓಡ್ಸಿರೋ ರಸ್ತೆ, ಕಣ್ಮುಚ್ಕೊಂಡು ಹೋಗ್ತೀನಿ." ತನ್ನ ಮಾತು ತನಗೇ ಕೇಳಿಸಿ ತಡೆದ. "ಇಲ್ಲಾಂದ್ರೆ ಗಾಡಿ ಕೆಟ್ಟೈತೆ ಅಂತ ಹೇಳಿಬುಡ್ಲಾ ಅಂಜನಪ್ಪಂಗೆ?"

"ಈ ಹೊತ್ತಲ್ಲಿ ಬೇರೆ ಗಾಡಿ ಎಲ್ಲಿ ತತ್ತಾನೆ ಅವನು?"

"ಮತ್ತೇನು ಮಾಡು ಅಂತೀಯಾ?"

"ನಾನೇನೂ ಅನ್ನಲ್ಲ. ನೀವು ಓಡಿಸ್ತೀನಿ ಅಂದ್ರೂ ನಾನು ಆ ಮಗು ಪಕ್ಕದಲ್ಲೇ ಕೂತಿರ್ತೀನಿ." ಹಾಗೆಂದು ಅವಳು ಒಳಗೆ ಹೋದಳು.

ಓಬಳಯ್ಯ ಬಾನೆಟ್ಟು ಮುಚ್ಚಿದ, ಮತ್ತೆ ತೆರೆದ, ಬಿಗಿಯಾಗಿಯೇ ಇದ್ದ ನಟ್ಟುಗಳನ್ನು ಮತ್ತೆ ಬಿಗಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಚರಂಡಿಯ ಮೇಲಿನ ಚಪ್ಪಡಿಯನ್ನು ಕಾಲಿನಿಂದ ಮುಟ್ಟಿ ಮುಟ್ಟಿ ದಾಟಿದ. ಹೀಗೆ ಮುಟ್ಟಿ ನಡೆಯುವುದು ತನಗೆ ಯಾವಾಗ ರೂಢಿಯಾಯಿತೋ ಅವನಿಗೇ ತಿಳಿಯದು. ಎರಡು ಸಲ ನಿಂತ, ಒಂದು ಸಲ ಅರ್ಧ ಬೀದಿ ಹಿಂದಕ್ಕೂ ಬಂದ. ಅಂಜನಪ್ಪನ ಮನೆಯಿಂದ ಹೆಂಗಸರ ನಗು ಕೇಳಿಸಿತು. ಮತ್ತೆ ತಿರುಗಿ ನಡೆದ.

ರಂಗಣ್ಣ ಶೆಡ್ಡಿನ ಬಾಗಿಲು ಹಾಕುತ್ತಿದ್ದ.

"ಏನ್ ಭಾವ, ಈ ಹೊತ್ತಲ್ಲಿ?"

"ನಾಳೆ ಕುಣಿಗಲ್‌ಗೆ ಗಾಡಿ ನೀನು ಓಡಿಸ್ಬೇಕು ಕಣ್ಲಾ ರಂಗ."

"ಯಾಕೆ, ಬ್ಯಾಟರಿ ಹಾಕ್ಕೊಂಡ್ಯಂತಲ್ಲ? ಸರಿಹೋಗ್ಲಿಲ್ವಾ?"

"ಸರಿಗೈತೆ." ಓಬಳಯ್ಯ ಶೆಡ್ಡಿನ ಕಂಬ ಹಿಡಿದುಕೊಂಡ. "ಹಳೇದೂ ಸರಿಗೇ ಇತ್ತು."

ರಂಗಣ್ಣ ಬೀಗದ ಕೈ ಹಿಡಿದುಕೊಂಡು ನಿಂತ. "ಎಷ್ಟೊತ್ತಿಗೆ ಬರ್ಲಿ?" ಎಂದ. ಆಮೇಲೆ, ಹೇಳದೆಯೇ, ಮನೆಯವರೆಗೂ ಓಬಳಯ್ಯನ ಜೊತೆ ನಡೆದು ಬಂದ.

ನಸುಕಿಗೆ ಮುಂಚೆ ಅಂಜನಪ್ಪನ ಮನೆಯ ಮುಂದೆ ಕಾರು ನಿಂತಾಗ ರಂಗಣ್ಣ ಸ್ಟಿಯರಿಂಗಿನ ಹಿಂದಿದ್ದ. ಅಂಜನಪ್ಪ ಪೆಟ್ಟಿಗೆ ಹೊತ್ತುಕೊಂಡು ಬಂದವನು ಬಗ್ಗಿ ನೋಡಿ, "ಓಬಳಯ್ಯ, ನೀನು ಓಡ್ಸಲ್ವಾ?" ಎಂದು ಕೇಳಿದ.

ಕೈ ಉಳುಕಿದೆ ಎಂದು ಹೇಳಲು ಓಬಳಯ್ಯ ದಾರಿಯಲ್ಲೇ ಯೋಚಿಸಿಟ್ಟುಕೊಂಡಿದ್ದ. ಹೆಣ್ಣು ಕೆಂಪು ಸೀರೆಯ ನೆರಿಗೆ ಎತ್ತಿಕೊಂಡು, ಸಿದ್ದಲಕ್ಷ್ಮಮ್ಮನ ಕೈ ಹಿಡಿದು ಮೆಟ್ಟಿಲಿಳಿಯುತ್ತಿತ್ತು.

"ಕತ್ತಲಲ್ಲಿ ನಂಗೆ ಕಣ್ಣು ಕಾಣ್ತಿಲ್ಲ ಅಂಜನಪ್ಪ," ಎಂದ. "ರಂಗ ಓಡಿಸ್ತಾನೆ."

ಅಂಜನಪ್ಪ ಹೊತ್ತ ಪೆಟ್ಟಿಗೆ ಇಳಿಸಿದ. "ಆಯ್ತು ಬುಡು. ನೀನು ಬರ್ತೀಯಲ್ಲ, ಅಷ್ಟು ಸಾಕು," ಎಂದು ಪೆಟ್ಟಿಗೆ ಡಿಕ್ಕಿಯಲ್ಲಿಟ್ಟು, ಹೆಂಡತಿ, ಮಗಳು, ಸಿದ್ದಲಕ್ಷ್ಮಮ್ಮನ ಜೊತೆ ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತ.

ಓಬಳಯ್ಯ ಮುಂದೆ, ಎಡಗಡೆಯ ಬಾಗಿಲ ಪಕ್ಕದಲ್ಲಿ ಕೂತ. ಕಾರು ಕೊಂಡಂದಿನಿಂದ ಆ ಜಾಗದಲ್ಲಿ ಒಮ್ಮೆಯೂ ಕೂತಿರಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟ, ಎದೆಗೆ ಕಟ್ಟಿದ, ಮತ್ತೆ ತೊಡೆಯ ಮೇಲಿಟ್ಟ. ತಿರುವು ಬಂದಾಗಲೆಲ್ಲ ಬಲಗಾಲು ಬರಿಯ ನೆಲವನ್ನೇ ಒತ್ತುತ್ತಿತ್ತು. ಎದುರಿನ ಲಾರಿಗಳ ಬೆಳಕು ಗಾಜಿನ ಮೇಲೆ ಹರಡಿ ಎಲ್ಲವನ್ನೂ ಅಳಿಸಿಬಿಡುತ್ತಿತ್ತು. ಅದರೊಳಗೆ ರಂಗ ಹೇಗೋ ದಾರಿ ಕಂಡುಕೊಂಡು ಹೋಗುತ್ತಿದ್ದ.

ಹೆಬ್ಬೂರು ದಾಟುವ ಹೊತ್ತಿಗೆ ಮೂಡಣ ಬಿಳುಪಾಯಿತು. ರಸ್ತೆ, ಮರ, ಮೈಲಿಗಲ್ಲು ಒಂದೊಂದಾಗಿ ಓಬಳಯ್ಯನಿಗೆ ಕಾಣತೊಡಗಿದವು. ಹಿಂದೆ ಹೆಣ್ಣು ಸಿದ್ದಲಕ್ಷ್ಮಮ್ಮನ ಹೆಗಲಿಗೊರಗಿ ನಿದ್ದೆ ಹೋಗಿತ್ತು.

"ಬೆಳಕಾಯ್ತು ಭಾವ. ನೀನು ತಗೋತೀಯಾ?" ಎಂದ ರಂಗಣ್ಣ.

"ಬೇಡ. ನೀನೇ ಹೋಗು."

ಮಲ್ಲಿಗೆಯ ವಾಸನೆ ಕಾರಿನೊಳಗೆ ಕಟ್ಟಿಕೊಂಡಿತ್ತು. ಗಾಳಿ ಬರಲೆಂದು ಓಬಳಯ್ಯ ಕಿಟಕಿಯ ಹಿಡಿ ತಿರುಗಿಸಿದ. ಹಿಡಿ ಸುಮ್ಮನೆ ಸುತ್ತಿತು, ಗಾಜು ಇಳಿಯಲಿಲ್ಲ. ಈ ಕಡೆ ಕೂತವರೆಲ್ಲ ಹೇಳುತ್ತಲೇ ಇದ್ದರು. ಒತ್ತಿ ತಿರುಗಿಸಿ ಸ್ವಾಮಿ, ಬರುತ್ತದೆ ಎಂದು ಅವನು ರಸ್ತೆಯಿಂದ ಕಣ್ಣು ತೆಗೆಯದೆ ಉತ್ತರ ಕೊಡುತ್ತಿದ್ದ. ಈಗ ಒತ್ತಿ ತಿರುಗಿಸಿದ. ಆಗಲೂ ಸುಮ್ಮನೆ ಸುತ್ತಿತು.

"ಅದು ಹಂಗಲ್ಲ ಭಾವ," ಎಂದ ರಂಗಣ್ಣ. "ಅಂಗೈಯಲ್ಲಿ ಗಾಜು ಅದುಮಿ ಕೆಳಕ್ಕೆ ಎಳೀಬೇಕು."

ಓಬಳಯ್ಯ ಎರಡು ಅಂಗೈಗಳನ್ನೂ ತಣ್ಣನೆಯ ಗಾಜಿನ ಮೇಲೆ ಊರಿ ಮೆಲ್ಲಗೆ ಎಳೆದ. ಗಾಜು ಸ್ವಲ್ಪ ಸ್ವಲ್ಪವೇ ಇಳಿಯಿತು. ನಾಲ್ಕು ಬೆರಳು ಸಂದಿಯಾದಾಗ ಹೊರಗಿನಿಂದ ಒದ್ದೆ ಗದ್ದೆಗಳ ಗಾಳಿ ಬಂದು ಅವನ ಮುಖಕ್ಕೆ ತಗುಲಿತು.