ಉಬ್ಬಿದ ರಬ್ಬರು

“ಬ್ರೇಕಿಗೇನೂ ಆಗಿಲ್ಲ ಕೊಮಾದ್ರೆ, ನೀನು ಬರೀ ಬಿಸಿ ಆಗೋದನ್ನ ನೋಡು ಸಾಕು,” ಎಂದ ಎವೆಲಿಯೊ, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ.

ಅವನ ಮಗಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತವಳು ನಾನು. ಅಂದಿನಿಂದ ನಾನು ಅವನಿಗೆ ಕೊಮಾದ್ರೆ, ಅವನು ನನಗೆ ಕೊಂಪಾದ್ರೆ. ಆ ಹುಡುಗಿ ದೈರೇಲಿಸ್‌ಗೆ ಇವತ್ತು ಹದಿನೈದು ತುಂಬಿತ್ತು; ನಮ್ಮಲ್ಲಿ ಹುಡುಗಿಗೆ ಹದಿನೈದು ಅಂದರೆ ಮದುವೆಯಷ್ಟೇ ದೊಡ್ಡ ಹಬ್ಬ. ನಾಲ್ಕು ಗಂಟೆಗೆ ಗೌನು ತೊಟ್ಟು, ಮೂವರು ಗೆಳತಿಯರ ಜೊತೆ ಅಪ್ಪನ ತೆರೆದ ಕಾರಿನಲ್ಲಿ ಕೂತು, ನಮ್ಮ ಬಡಾವಣೆ ಲಾ ವಿಬೊರಾದ ಇಳಿಜಾರಿನಿಂದ ಕಡಲ ದಂಡೆಯವರೆಗೆ ಮೆರವಣಿಗೆ. ಕಾರು ಐವತ್ಮೂರನೇ ಇಸವಿಯದು. ವಾರವಿಡೀ ಕೂತು ಅದಕ್ಕೆ ಗುಲಾಬಿ ಬಣ್ಣ ಬಳಿದಿದ್ದ. ಒಳಗೇನಿದೆ ಎಂದು ಒಂದು ದಿನವೂ ಇಣುಕಿರಲಿಲ್ಲ.

ನನ್ನ ಮನೆಯ ಮುಂದಿನ ಅಂಗಳವೇ ನನ್ನ ಗ್ಯಾರೇಜು. ಅಲ್ಲಿ ನಿಲ್ಲಿಸಿ, ಇಂಜಿನ್ ತಣಿಯಲು ಬಿಟ್ಟು, ರೇಡಿಯೇಟರ್ ಮುಚ್ಚಳ ತಿರುಗಿಸಿದೆ. ಎದ್ದ ನಾತಕ್ಕೆ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಬಂದೆ. ಸತ್ತ ಇಲಿಯನ್ನು ಗಂಧಕದಲ್ಲಿ ಬೇಯಿಸಿದ ಹಾಗಿತ್ತು. ಬೆರಳು ಹಾಕಿದರೆ ಬೂದು ಬಣ್ಣದ ಲೋಳೆ ಎಳೆ ಎಳೆಯಾಗಿ ಬಂತು.

“ಏನು ಹಾಕಿದ್ದೀಯ ಇದಕ್ಕೆ?”

“ಸೋರ್ತಾ ಇತ್ತು. ನಾಲ್ಕು ಮೊಟ್ಟೆ ಒಡೆದು ಹಾಕ್ದೆ. ಬಿಸೀಗೆ ಬೆಂದು ತೂತು ಮುಚ್ಕೊಳ್ಳುತ್ತೆ ಅಂತ.”

“ಯಾವಾಗ?”

“ಈಸ್ಟರ್ ಹೊತ್ತಿಗೆ ಇರಬೇಕು.”

ಈಗ ಆಗಸ್ಟ್. ಎದುರು ಮನೆಯ ಕುಕಾ ಅಜ್ಜಿ ಕಿಟಕಿಯ ಕಂಬಿಗೆ ಮುಖ ಒತ್ತಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. “ನಾಲ್ಕು ಮೊಟ್ಟೆ,” ಎಂದಳು. “ರೇಷನ್ನಿನಲ್ಲಿ ತಿಂಗಳಿಗೆ ನನಗೆ ಬರೋದು ಐದು. ಇವನ ಕಾರು ಆಮ್ಲೆಟ್ ತಿನ್ನುತ್ತೆ. ನಾನು ಬಾಗಿಲು ಹಾಕ್ಕೋತೀನಿ ನಿಲ್ಡಾ, ಊಟ ಇಳಿಯಲ್ಲ ಈ ವಾಸನೆಗೆ.” ಬಾಗಿಲು ಮಾತ್ರ ಹಾಕಲಿಲ್ಲ.

ಮೂರು ಸಲ ನೀರು ಬಿಟ್ಟು ತೊಳೆದೆ. ಆದರೂ ನನಗೆ ಸಮಾಧಾನವಾಗಲಿಲ್ಲ. ಲೋಳೆ ಇದ್ದದ್ದು ನಿಜ, ಆದರೆ ಮಟ್ಟಸ ರಸ್ತೆಯಲ್ಲೂ ಆವಿ ಕಾರುವಷ್ಟಲ್ಲ. ಗೇರಿನಿಂದ ತಪ್ಪಿಸಿ ಇಬ್ಬರೂ ಸೇರಿ ನೂಕಿದೆವು. ಕಾರು ಕದಲಲಿಲ್ಲ. ಮುಂದಿನ ಚಕ್ರಕ್ಕೆ ಕೈ ಇಟ್ಟೆ, ಇಷ್ಟು ಹೊತ್ತಾದರೂ ಚುರುಕ್ಕೆಂದಿತು. ಎಲ್ಲವೂ ತಿಳಿದುಹೋಯಿತು. ಬ್ರೇಕು ಬಿಡುತ್ತಲೇ ಇಲ್ಲ, ಹಿಡಿದೇ ಇದೆ. ಪಾಪ, ಇಂಜಿನ್ನು ತನ್ನ ಬ್ರೇಕನ್ನೇ ಎಳೆದುಕೊಂಡು ಏದುಸಿರು ಬಿಡುತ್ತಿತ್ತು.

ಬ್ರೇಕಿನ ದ್ರವ ತುಂಬುವ ಡಬ್ಬಿ ಬಿಚ್ಚಿದೆ. ಇಲ್ಲಿ ಬ್ರೇಕಿನ ದ್ರವ ಸಿಗದಾಗ ಎಲ್ಲರೂ ಶಾಂಪೂ ಹಾಕುತ್ತಾರೆ; ನಾನೂ ಹಾಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಇಲ್ಲಿ ಶಾಂಪೂ ನೊರೆಯ ಮೇಲೆ ಹಳದಿ ಜಿಡ್ಡು ತೇಲುತ್ತಿತ್ತು. ಮೂಸಿದೆ. ಬಾಳೆಕಾಯಿ ಕರಿದ ಹಳಸಲು ವಾಸನೆ.

“ಅಡುಗೆ ಎಣ್ಣೆ,” ಎಂದೆ.

“ಶಾಂಪೂ ಮುಗಿದಿತ್ತು. ಒಂಚೂರು.”

“ಎಣ್ಣೆ ರಬ್ಬರಿಗೆ ವಿಷ ಅಂತ ಗೊತ್ತಿಲ್ವಾ ನಿನಗೆ?” ಒಳಗಿನ ರಬ್ಬರ್ ಬಟ್ಟಲನ್ನು ಕಿತ್ತು ಅವನ ಮೂಗಿನ ಕೆಳಗೆ ಹಿಡಿದೆ. ನೆನೆಸಿಟ್ಟ ಕಾಳಿನ ಹಾಗೆ ಉಬ್ಬಿ, ಮುಟ್ಟಿದರೆ ಕೈಗೆ ಕಪ್ಪಗೆ ಅಂಟುತ್ತಿತ್ತು; ಒತ್ತಿದ ದ್ರವವನ್ನು ಹಿಂದಕ್ಕೆ ಬಿಡದೆ ಬ್ರೇಕನ್ನು ಹಿಡಿದಿಟ್ಟದ್ದು ಇದೇ. “ನಾನು ಕೊಟ್ಟ ಬ್ರೇಕ್ ದ್ರವದ ಬಾಟಲಿ ಎಲ್ಲಿ? ನನ್ನ ತಂಗಿ ಮಯಾಮಿಯಿಂದ ಬಟ್ಟೆ ನಡುವೆ ಸುತ್ತಿ ತಂದಿದ್ದು. ದೈರೇಲಿಸ್‌ಗೆ ನನ್ನ ಉಡುಗೊರೆ ಅಂತ ಹೇಳೇ ಕೊಟ್ಟಿದ್ದೆ.”

ಅವನು ಟವೆಲನ್ನು ಮಡಚಿದ, ಬಿಚ್ಚಿದ. “ಎರಡು ಪೆಟ್ಟಿಗೆ ಬಿಯರಿಗೆ ಕೊಟ್ಟೆ. ಬಂದೋರಿಗೆ ಏನು, ನೀರು ಕೊಡ್ಲಾ?”

ರಬ್ಬರನ್ನು ಅವನ ಮುಂದಿನಿಂದ ಹಿಂದಕ್ಕೆ ತೆಗೆದುಕೊಂಡೆ.

“ಈಗೇನು ಮಾಡೋಣ ಅಂತೀಯ?” ಎಂದೆ.

“ಮುಂದಿನ ಚಕ್ರದ ಬ್ರೇಕ್ ಪೈಪು ಎರಡನ್ನೂ ಇಕ್ಕಳದಲ್ಲಿ ಒತ್ತಿ ಮುಚ್ಚಿಬಿಡು, ಹಿಡಿಯೋದು ನಿಲ್ಲುತ್ತೆ. ಹಿಂದಿನ ಬ್ರೇಕು ಇರುತ್ತಲ್ಲ, ಮೆಲ್ಲಗೆ ಓಡಿಸ್ತೀನಿ. ಎಲ್ಲರೂ ಮಾಡ್ತಾರೆ.”

“ಹಿಂದಿನದರಲ್ಲೂ ಇದೇ ಗಲೀಜು. ಇಳಿಜಾರಲ್ಲಿ ಕಾದು ಕುದಿಯುತ್ತೆ, ಪೆಡಲ್ ನೆಲಕ್ಕೆ ಹೋಗಿ ಕೂರುತ್ತೆ. ಆಮೇಲೆ ನೀನು, ನಾಲ್ಕು ಹುಡುಗಿಯರು, ಕೆಳಗಿನ ಬಸ್ ನಿಲ್ದಾಣ.”

“ನೀನು ಮಾಡಲ್ಲ ಅಂದ್ರೆ ಆಚೆ ಬೀದಿ ಮೆಕ್ಯಾನಿಕ್ ಚುಚೋ ಮಾಡ್ತಾನೆ.”

“ಮಾಡ್ತಾನೆ. ಹೋಗು. ಆದ್ರೆ ಮೊದಲು ನಿನ್ನ ಮಗಳಿಗೆ ಹೇಳು. ನಾನು ಹೇಳಲ್ಲ, ನೀನೇ ಹೇಳು.”

ಹೇಳುವ ಅಗತ್ಯ ಬೀಳಲಿಲ್ಲ. ನೀಲಿ ಗೌನಿನ ದೈರೇಲಿಸ್ ತಿರುವಿನಲ್ಲಿ ನಿಂತಿದ್ದಳು; ಕೂದಲಲ್ಲಿ ಇನ್ನೂ ಗುಂಗುರು ಮಾಡುವ ಸುರುಳಿಗಳಿದ್ದವು. ಎಷ್ಟು ಹೊತ್ತಿನಿಂದಲೋ. ಹತ್ತಿರ ಬಂದು ನನ್ನ ಅಂಗೈಯಲ್ಲಿದ್ದ ರಬ್ಬರನ್ನು ನೋಡಿದಳು, ಮುಖ ಕಿವುಚಿದಳು.

“ಅಪ್ಪಾ, ಇದ್ರ ಮೇಲೆ ನನ್ನ ಕೂರಿಸ್ತಿದ್ಯಾ?”

“ಮೆಲ್ಲಗೆ ಹೋಗ್ತಿದ್ದೆ ಕಣೇ.” ಅವಳ ಭುಜ ಹಿಡಿಯಲು ಕೈ ಚಾಚಿದ. ಕೈಯೆಲ್ಲ ಜಿಡ್ಡು.

“ಮುಟ್ಬೇಡ,” ಎಂದಳು. ಕೂಗಲಿಲ್ಲ. “ಫೋಟೋದವರಿಗೆ ನೀನೇ ಫೋನ್ ಮಾಡು. ಲೇಟಾಗುತ್ತೆ ಅನ್ನು.”

ಮೂಲೆಯಲ್ಲಿ ಸೈಕಲ್ ರಿಕ್ಷಾದವನು ನೆರಳಿಗೆ ಕೂತಿದ್ದ. ದೈರೇಲಿಸ್ ಗೌನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಲ್ಲಿಗೆ ನಡೆದಳು. ಹತ್ತುವ ಮೊದಲು ಬಗ್ಗಿ, ಬ್ರೇಕಿನ ಹಿಡಿಯನ್ನು ಎರಡು ಸಲ ಒತ್ತಿ ನೋಡಿದಳು.