ಮನೆಗೊಬ್ಬರು ಬನ್ನಿ

ಕಾವೇರಿ ಗಲಾಟೆಗೆ ನಮ್ಮ ಬೆಸಗರಹಳ್ಳಿ ಕಡೆ ಜನ ಸೇರಿಸುವುದೇನು ಮಹಾ ಕೆಲಸ! ಆಟೋಗೆ ಮೈಕು ಕಟ್ಟಿ "ಮನೆಗೊಬ್ಬರು ಬನ್ನಿ" ಎಂದು ಕೂಗಿದರೆ ಟ್ರ್ಯಾಕ್ಟರ್ ತುಂಬುತ್ತದೆ. ಬಾರದ ಮನೆಯ ಮುಂದೆ ಆಟೋ ನಿಲ್ಲಿಸಿ ಇನ್ನೊಮ್ಮೆ ಕೂಗುತ್ತೇವೆ. ನಾಚಿಕೆಗಾದರೂ ಒಬ್ಬರು ಹೊರಗೆ ಬರುತ್ತಾರೆ. ನನ್ನ ತಮ್ಮ ಸ್ವಾಮಿಯ ಮಾತ್ರೆಗಾಗಿ ಹೋರಾಡಬೇಕಾಗಿ ಬಂದಾಗಲೂ ನನಗೆ ಹೊಳೆದದ್ದು ಅದೇ ಆಟೋ, ಅದೇ ಮೈಕು.

ಸ್ವಾಮಿಯ ಕಿವಿಯಲ್ಲಿ ಯಾರೋ ಮಾತಾಡುತ್ತಾರೆ. ಮಾತ್ರೆ ನುಂಗಿದರೆ ಅವರು ಸುಮ್ಮನಾಗುತ್ತಾರೆ. ಇವನು ಹಸುಗಳಿಗೆ ಹುಲ್ಲು ತರುತ್ತಾನೆ, ನನ್ನನ್ನು ರೇಗಿಸುತ್ತಾನೆ. ಮಾತ್ರೆ ನಿಂತರೆ ನಾಲೆಯ ಕಡೆ ನಡೆದುಬಿಡುತ್ತಾನೆ. ನಮ್ಮ ಕಡೆಯ ಸರ್ಕಾರಿ ಆಸ್ಪತ್ರೆಗೆ ಮಾತ್ರೆಯೂ ಬರುತ್ತಿರಲಿಲ್ಲ, ಮನಸ್ಸಿನ ಡಾಕ್ಟರೂ ಬರುತ್ತಿರಲಿಲ್ಲ. ಅಂಗಡಿಯವನು ಚೀಟಿ ಇಲ್ಲದೆ ಕೊಡುವುದಿಲ್ಲ, ಚೀಟಿ ಬರೆಯಲು ಡಾಕ್ಟರಿಲ್ಲ. "ಸ್ಟಾಕ್ ಇಲ್ಲಮ್ಮ" ಎನ್ನುವುದನ್ನು ಕೇಳಿ ಕೇಳಿ ನನ್ನ ಪಿತ್ತ ನೆತ್ತಿಗೇರಿತು.

ಆಸ್ಪತ್ರೆಯ ಬೆಂಚಿನ ಮೇಲೆ ನನ್ನಂತೆಯೇ ಕಾಯುತ್ತಿದ್ದವರಿಗೆಲ್ಲ ಹೇಳಿದೆ: ಸೋಮವಾರ ಮಂಡ್ಯದಲ್ಲಿ ಆರೋಗ್ಯ ಇಲಾಖೆಯ ಆಫೀಸಿನ ಮುಂದೆ ಕೂರೋಣ, ಡಾಕ್ಟರೂ ಮಾತ್ರೆಯೂ ನಮ್ಮಲ್ಲೇ ಸಿಗಬೇಕು ಎಂದು ಕೇಳೋಣ. ಎಲ್ಲರೂ ಹೂಂಗುಟ್ಟಿದರು. ಚಿಕ್ಕರಸಿನಕೆರೆಯ ಅಂಕಮ್ಮ ನನ್ನ ಕೈ ಹಿಡಿದುಕೊಂಡರು. ಅವರ ಮಗಳು ದೀಪಿಕಳಿಗೂ ಅದೇ ಮಾತ್ರೆ.

"ನೀ ಮುಂದೆ ನಿಂತ್ಕೊ ನಾಗರತ್ನ, ನಾವು ನಿನ್ನಿಂದೆ ಇರ್ತೀವಿ."

ಭಾನುವಾರ ಆಟೋ ಹತ್ತಿ ಊರೂರು ತಿರುಗಿದೆ. "ಮನಸ್ಸಿನ ಕಾಯಿಲೆ ಇರುವವರ ಮನೆಯಿಂದ ಮನೆಗೊಬ್ಬರು ಬನ್ನಿ!" ಎಲ್ಲೂ ಒಂದು ಬಾಗಿಲೂ ತೆರೆಯಲಿಲ್ಲ. ಅಂಕಮ್ಮನ ಮನೆ ಮುಂದೆ ಮಾತ್ರ ಚಪ್ಪಲಿ ರಾಶಿ ಬಿದ್ದಿತ್ತು. ಜನ ಸೇರಿಸಿದ್ದಾರೆ, ಪುಣ್ಯಾತ್ಗಿತ್ತಿ ಎಂದು ಖುಷಿಯಾಗಿ ಆಟೋ ನಿಲ್ಲಿಸಿ ಇನ್ನೊಮ್ಮೆ ಕೂಗಿದೆ. ಹೊರಗೆ ಬಂದವರು ಮಳವಳ್ಳಿಯ ಗಂಡಿನ ಕಡೆಯವರು. ದೀಪಿಕಳನ್ನು ನೋಡಲು ಬಂದಿದ್ದರಂತೆ. ಚಪ್ಪಲಿ ಮೆಟ್ಟಿಕೊಂಡು ಕಾರು ಹತ್ತಿದರು.

"ನಿನ್ ಬಾಯಿಗ್ ಮಣ್ಣಾಕ!" ಎಂದರು ಅಂಕಮ್ಮ. "ನನ್ ಮನೆ ಮುಂದೇನೇ ನಿಂತು ಕೂಗ್ಬೇಕಿತ್ತಾ? ಕಾಪಿನೂ ಕುಡೀದೆ ಎದ್ದೋದ್ರಲ್ಲೇ!"

ನೆಲ ಬಿರಿದು ಒಳಗೆ ಹೋಗಿಬಿಡಬಾರದೇ ಎನಿಸಿತು. ನೀರಿಗೆ ಬನ್ನಿ ಎಂದರೆ ಯಾರ ಮಾನವೂ ಹೋಗುವುದಿಲ್ಲ. ಇದು ಹಾಗಲ್ಲ ಎನ್ನುವುದು ನನ್ನ ಮಂಕು ತಲೆಗೆ ಹೊಳೆದಿರಲಿಲ್ಲ.

ಸೋಮವಾರ ಹೊರಟಾಗ ಅಪ್ಪ ಬೋರಯ್ಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು.

"ನನ್ನೊಬ್ಬನ ಕೈಲಿ ಅವನ್ನ ತಡಿಯಾಕಾಗಲ್ಲ ಕಣವ್ವ. ಇವತ್ತೂ ಏನೂ ಆಗ್ನಿಲ್ಲ ಅಂದ್ರೆ ಕಟ್ಟಾಕ್ತೀನಿ."

"ಕಟ್ಟಾಕ್ಬೇಡ ಕಣಪ್ಪ. ಏನಾದ್ರೂ ಮಾಡ್ಕಂಡೇ ಬತ್ತೀನಿ."

ಮಂಡ್ಯದಲ್ಲಿ ಆಫೀಸಿನ ಗೇಟಿನ ಮುಂದೆ ಬೋರ್ಡು ಹಿಡಿದು ಒಬ್ಬಳೇ ಕೂತೆ. ತಲೆ ಎತ್ತಿದರೆ, ರಸ್ತೆಯಾಚೆ ಬಸ್ ಸ್ಟಾಪಿನಲ್ಲಿ ಆಸ್ಪತ್ರೆಯ ಬೆಂಚಿನವರೆಲ್ಲ ಇದ್ದಾರೆ! ಅಂಕಮ್ಮನೂ ಬಂದಿದ್ದಾರೆ. ಕಂಕುಳಲ್ಲಿ ಬ್ಯಾಗು, ಬಸ್ಸಿಗೆ ಕಾಯುವವರ ಹಾಗೆ. ಕೆರಗೋಡಿನ ಬಸ್ಸು ಬಂತು, ಹೋಯಿತು. ಮದ್ದೂರಿನದೂ ಬಂತು, ಹೋಯಿತು. ಯಾರೂ ಹತ್ತಲಿಲ್ಲ, ಯಾರೂ ರಸ್ತೆ ದಾಟಲಿಲ್ಲ. ಕೈ ಬೀಸಿದೆ. ಎಲ್ಲರೂ ಬಸ್ಸು ಬರುವ ದಿಕ್ಕಿಗೆ ನೋಡಿದರು.

ಮಧ್ಯಾಹ್ನ ಸಾಹೇಬರು ಹೊರಗೆ ಬಂದರು.

"ಎಲ್ಲಮ್ಮ ನಿಮ್ಮ ಜನ?"

ತೋರಿಸಲು ಕೈ ಎತ್ತಿದೆ. ಅಂಕಮ್ಮ ಸೆರಗನ್ನು ಮುಖದವರೆಗೆ ಎಳೆದುಕೊಂಡರು. ಒಮ್ಮೆ ಕೂಗಿ ಅವರ ಮನೆ ಹಾಳು ಮಾಡಿದ್ದು ಸಾಲದೇ? ಕೈ ಇಳಿಸಿದೆ.

"ನಾನೊಬ್ಳೇ ಸಾರ್. ನನ್ ತಮ್ಮಂಗೆ ಮಾತ್ರೆ ಬೇಕು."

"ಒಬ್ಬರಿಗೋಸ್ಕರ ಅಲ್ಲಿಗೆ ಡಾಕ್ಟರನ್ನು ಹಾಕೋಕಾಗುತ್ತೇನಮ್ಮ? ನಿಮ್ಮ ತಮ್ಮನನ್ನ ಇಲ್ಲಿನ ಆಸ್ಪತ್ರೆಗೇ ಕರ್ಕೊಂಡು ಬನ್ನಿ."

"ಬಸ್ಸಿಂದ ಎಗರ್ತಾನೆ ಸಾರ್..."

ಅವರು ಜೀಪು ಹತ್ತಿಯಾಗಿತ್ತು. ಮುಂದಿನ ಬಸ್ಸಿಗೆ ಆಚೆಯವರೆಲ್ಲ ಹತ್ತಿಕೊಂಡರು. ಬೋರ್ಡನ್ನು ಕಂಕುಳಿಗೆ ಸೇರಿಸಿ ನಾನೂ ಎದ್ದೆ.

ಮನೆಗೆ ಬಂದರೆ ಸ್ವಾಮಿ ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತಿದ್ದ. ಹಸುವಿನ ಸರಪಳಿಯಲ್ಲಿ ಎರಡೂ ಕೈ ಬಿಗಿದಿದ್ದರು. ಅಪ್ಪ ಗೋಡೆಯ ಕಡೆ ಮುಖ ಮಾಡಿದ್ದರು.

"ನಾಲೆಗೆ ಇಳ್ದಿದ್ದ ಕಣವ್ವ," ಎಂದರು.

ಸ್ವಾಮಿ ತಲೆ ಎತ್ತಿದ. "ಜನ ಬಂದಿದ್ರಾ ಅಕ್ಕ?"

"ಬಂದಿದ್ರು ಕಣೋ. ಎಲ್ರೂ ಬಂದಿದ್ರು."

"ಅಂಗಾದ್ರೆ ಮಾತ್ರೆ ಕೊಡ್ತಾರೆ ಬುಡು," ಎಂದ.

ನಾನು ಒಳಗೆ ಹೋಗಿ ತಟ್ಟೆ ತಂದೆ. ಮುದ್ದೆ ಮುರಿದು, ಸಾರಿಗೆ ಅದ್ದಿ, ಅವನ ಬಾಯಿಗೆ ಇಟ್ಟೆ.